ಯಾವ ಬೊಮ್ಮಾಯಿ ತೀರ್ಪು? ಸೈಟೇಶನ್ ಹಿಡಿದು ಮೂಲಕ್ಕೆ ಹೋಗುವ ದಾರಿ

ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಲ್ಲ. ಸಂವಿಧಾನ ಓದುವ ನಮಗೆಲ್ಲ ಬೊಮ್ಮಾಯಿ ಪ್ರಕರಣ ಎಂದರೆ ಮೊದಲು ನೆನಪಾಗುವುದು ಇದೇ ಅಲ್ವಾ? ನನಗೆ ಸಿಕ್ಕ ಒಂದು ನೋಟ್ಸ್‌ನಲ್ಲಿ ಈ ಸಾಲಿನ ಪಕ್ಕ 'ಎಐಆರ್ 1990 ಕರ್ನಾಟಕ 5' ಎಂಬ ಸೈಟೇಶನ್ (ತೀರ್ಪು ಯಾವ ವರದಿಯಲ್ಲಿ, ಎಲ್ಲಿ ಅಚ್ಚಾಗಿದೆ ಎಂಬ ಗುರುತು) ಬರೆದಿತ್ತು. ಅದನ್ನೇ ಅಣಕು ನ್ಯಾಯಾಲಯದ ವಾದಪತ್ರಕ್ಕೆ ಇಳಿಸಿಕೊಂಡೆ. ಹಿಂದಿನ ರಾತ್ರಿ ಮೂಲ ತೆಗೆದು ಓದಿದಾಗ ಎದೆ ಧಸಕ್ಕೆಂದಿತು. ಅದು ನಮ್ಮ ಹೈಕೋರ್ಟಿನ ತೀರ್ಪು. ಬೊಮ್ಮಾಯಿಯವರ ಅರ್ಜಿ ವಜಾ ಆದದ್ದು ಅದರಲ್ಲೇ. ಸದನದ ಬಲಪರೀಕ್ಷೆ ಕಡ್ಡಾಯವಲ್ಲ ಎಂದು ಹೇಳಿದ್ದೂ ಅದೇ.

ನಡೆದದ್ದು ಇಷ್ಟು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಅವರು ಹೈಕೋರ್ಟಿಗೆ ಹೋಗಿ ಸೋತರು. ಮುಂದೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಆ ವಜಾ ಸಂವಿಧಾನಬಾಹಿರ ಎಂದಿತು. ನಮಗೆ ಬೇಕಾದ ತೀರ್ಪು ಇದು: (1994) 3 ಎಸ್‌ಸಿಸಿ 1. ಹೆಸರು ಒಂದೇ, ಸಂಗತಿ ಒಂದೇ, ಉತ್ತರ ಮಾತ್ರ ಪೂರ್ತಿ ಉಲ್ಟಾ. ಎರಡು ಸೈಟೇಶನ್ನೂ ಅಸಲಿಯೇ. ಹಾಗಾಗಿ 'ಈ ತೀರ್ಪು ನಿಜಕ್ಕೂ ಇದೆಯಾ' ಎಂದು ನೋಡಿ ನಿಲ್ಲಿಸಿದರೆ ಸಾಲದು. 'ನಾನು ಹೇಳುತ್ತಿರುವುದನ್ನೇ ಅದು ಹೇಳುತ್ತದಾ' ಎಂದೂ, 'ಇವತ್ತಿಗೂ ನಿಂತಿದೆಯಾ' ಎಂದೂ ನೋಡಬೇಕು.

ಸೈಟೇಶನ್ ಎಂದರೆ ವಿಳಾಸ. (1994) 3 ಎಸ್‌ಸಿಸಿ 1 ಎಂದರೆ 1994ರ 3ನೇ ಸಂಪುಟ, ಎಸ್‌ಸಿಸಿ ಎಂಬ ವರದಿ ಸರಣಿ, 1ನೇ ಪುಟ. ಅದೇ ತೀರ್ಪು ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಎಂಬ ಇನ್ನೊಂದು ಸರಣಿಯಲ್ಲಿ ಎಐಆರ್ 1994 ಎಸ್‌ಸಿ 1918 ಎಂದೂ ಸಿಗುತ್ತದೆ. ಇಲ್ಲಿ ವರ್ಷ, ನ್ಯಾಯಾಲಯ, ಪುಟ ಇವೆ, ಸಂಪುಟ ಇಲ್ಲ. ನ್ಯಾಯಾಲಯದ ಅಧಿಕೃತ ವರದಿ ಎಸ್‌ಸಿಆರ್‌ನಲ್ಲಿ ಅದು [1994] 2 ಎಸ್‌ಸಿಆರ್ 644. ನನ್ನ ತಪ್ಪು ಹಿಡಿಯಲು 'ಕರ್ನಾಟಕ' ಎಂಬ ಒಂದು ಪದ ಗಮನಿಸಿದ್ದರೆ ಸಾಕಿತ್ತು.

ವರ್ಷ ನೋಡುವಾಗ ಎಚ್ಚರ ಬೇಕು. ಅದು ತೀರ್ಪು ಬಂದ ವರ್ಷವೇ ಆಗಿರಬೇಕು ಎಂದೇನಿಲ್ಲ. ಆಧಾರ್ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 26ರಂದು, ಅಚ್ಚಾದದ್ದು (2019) 1 ಎಸ್‌ಸಿಸಿ 1ರಲ್ಲಿ. ಇದಕ್ಕೂ ಪುಟ್ಟಸ್ವಾಮಿ ಪ್ರಕರಣ ಎಂದೇ ಹೆಸರು, ಖಾಸಗಿತನ ಮೂಲಭೂತ ಹಕ್ಕು ಎಂದ (2017) 10 ಎಸ್‌ಸಿಸಿ 1ಕ್ಕೂ ಅದೇ ಹೆಸರು. ಸುಮ್ನೆ 'ಪುಟ್ಟಸ್ವಾಮಿ' ಎಂದು ಬರೆದರೆ ಓದುವವರಿಗೆ ಯಾವುದು ಎಂದು ತಿಳಿಯುವುದಿಲ್ಲ. 2023ರಿಂದ ಸುಪ್ರೀಂ ಕೋರ್ಟ್ ತನ್ನದೇ ತಟಸ್ಥ ಸೈಟೇಶನ್ ಕೊಡುತ್ತಿದೆ: ವರ್ಷ, ಐಎನ್‌ಎಸ್‌ಸಿ, ಒಂದು ಸಂಖ್ಯೆ. ನಮ್ಮ ಹೈಕೋರ್ಟಿನದು ಕೆಎಚ್‌ಸಿ. ಪ್ರಕಾಶಕರು ಯಾರೇ ಆಗಲಿ, ಈ ಸಂಖ್ಯೆ ಬದಲಾಗುವುದಿಲ್ಲ.

ಮೂಲ ಹುಡುಕಲು ದುಡ್ಡು ಬೇಕಿಲ್ಲ. ಎಸ್‌ಸಿಆರ್ ಈಗ ಆನ್‌ಲೈನ್‌ನಲ್ಲಿ ಉಚಿತ. ಸೈಟೇಶನ್‌ನಿಂದ ಸಿಗದಿದ್ದರೆ ಪಕ್ಷಕಾರರ ಹೆಸರು, ಆಮೇಲೆ ತೀರ್ಪಿನ ದಿನಾಂಕ ಹಾಕಿ ನೋಡಿ. ನಾನು ಇಂಡಿಯನ್ ಕಾನೂನ್ ಎಂಬ ಜಾಲತಾಣದಲ್ಲಿ ಹುಡುಕಿ, ಆಮೇಲೆ ಅಧಿಕೃತ ಪ್ರತಿಗೆ ತಾಳೆ ನೋಡುತ್ತೇನೆ. ಎಲ್ಲೂ ಸಿಗದಿದ್ದರೆ ಬಳಸುವುದೇ ಇಲ್ಲ. ಇದು ಅತಿ ಜಾಗ್ರತೆ ಅಲ್ಲ. ಚಾಟ್‌ಜಿಪಿಟಿ ಹುಟ್ಟಿಸಿದ ಸುಳ್ಳು ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಅಂಥ ಸುಳ್ಳು ಸೈಟೇಶನ್ನಿಗೂ ಸಂಪುಟ, ಪುಟ ಎಲ್ಲ ಇರುತ್ತವೆ. ನೋಟಕ್ಕೆ ಅಸಲಿಯಂತೆಯೇ ಕಾಣುತ್ತದೆ.

ತೀರ್ಪು ಸಿಕ್ಕಿತು ಅಂದುಕೊಳ್ಳಿ. ಆರಂಭದ ಸಾರಾಂಶ, ಅಂದರೆ ಹೆಡ್‌ನೋಟ್, ವರದಿಯ ಸಂಪಾದಕರು ಬರೆದದ್ದು. ದಾರಿ ತೋರಿಸಲು ಒಳ್ಳೆಯದು, ಉಲ್ಲೇಖಿಸಲು ಅಲ್ಲ. ಪ್ಯಾರಾ ಸಂಖ್ಯೆಯೂ ಒಂದು ಸರಣಿಯಿಂದ ಇನ್ನೊಂದಕ್ಕೆ ಬದಲಾಗಬಹುದು. ಎಸ್‌ಸಿಸಿ ಪ್ಯಾರಾ ಹಾಕಿ ಎಐಆರ್ ಸೈಟೇಶನ್ ಕೊಟ್ಟರೆ ಓದುವವರು ಬೇರೆಲ್ಲೋ ಹೋಗಿ ನಿಲ್ಲುತ್ತಾರೆ. ಬೊಮ್ಮಾಯಿ ತೀರ್ಪಿನಲ್ಲಿ ಇನ್ನೊಂದು ಕಷ್ಟ ಇದೆ. 9 ಜನರೂ ಸೇರಿ ಒಂದೇ ಅಭಿಪ್ರಾಯ ಬರೆದಿಲ್ಲ. ಹಲವು ಅಭಿಪ್ರಾಯಗಳಿವೆ, ಎಲ್ಲವೂ ಎಲ್ಲ ವಿಷಯದಲ್ಲೂ ಹೊಂದುವುದಿಲ್ಲ. ನೀವು ಎತ್ತಿಕೊಂಡ ಸಾಲು ಯಾರದು, ಅದಕ್ಕೆ ಬಹುಮತ ಇತ್ತಾ ಎಂದು ಹಿಂದಕ್ಕೆ ಪುಟ ತಿರುಗಿಸಿ ನೋಡಿ. ಜಾಸ್ತಿ ಹೊತ್ತು ಹಿಡಿಯುತ್ತದೆ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಇನ್ನು ತೀರ್ಪು ಈಗಲೂ ನಿಂತಿದೆಯೇ ಎಂಬ ಪ್ರಶ್ನೆ. ಇದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ, (1992) 3 ಎಸ್‌ಸಿಸಿ 666. ವೈದ್ಯಕೀಯ ಸೀಟಿನ ಕ್ಯಾಪಿಟೇಶನ್ ಶುಲ್ಕದ ಪ್ರಕರಣ. ಎಲ್ಲ ಹಂತದ ಶಿಕ್ಷಣವೂ ಮೂಲಭೂತ ಹಕ್ಕು ಎಂದಿತು ಇಬ್ಬರು ನ್ಯಾಯಮೂರ್ತಿಗಳ ಪೀಠ. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ, (1993) 1 ಎಸ್‌ಸಿಸಿ 645, ಐವರ ಪೀಠ ಅದನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ಜನರ ಪೀಠ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳಿಗೆ ಹಾಕಿಕೊಟ್ಟಿದ್ದ ಪ್ರವೇಶ ಮತ್ತು ಶುಲ್ಕದ ಯೋಜನೆಯನ್ನು ತಳ್ಳಿಹಾಕಿತು. ಪ್ರಾಥಮಿಕ ಶಿಕ್ಷಣದ ಹಕ್ಕಿನ ಭಾಗ ಮಾತ್ರ ಉಳಿಯಿತು. ಅಂದರೆ 'ರದ್ದಾಗಿದೆ' ಎಂಬ ಒಂದೇ ಪದ ಸಾಲದು. ಎಷ್ಟು ಬಿತ್ತು, ಎಷ್ಟು ನಿಂತಿದೆ ಎಂದು ಬರೆಯಬೇಕು.

ಕಾಯ್ದೆಗಳಿಗೂ ಇದೇ ಕ್ರಮ. ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು. ಅದಕ್ಕಿಂತ ಹಳೆಯ ಪುಸ್ತಕ ಹಿಡಿದರೆ ಅವು ಇನ್ನೂ ಜಾರಿಯಲ್ಲಿವೆ ಅನ್ನಿಸುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ಕೊಲೆಯ ಶಿಕ್ಷೆ ಹಳೆಯ ಭಾರತೀಯ ದಂಡ ಸಂಹಿತೆಯ 302ರಿಂದ ಹೊಸದರ 103ನೇ ಕಲಮಿಗೆ ಹೋಯಿತು. ಹಳೆಯ ತೀರ್ಪನ್ನು ಉಲ್ಲೇಖಿಸುವಾಗ ಅದರೊಳಗಿನ 302 ಅನ್ನು ತಿದ್ದಬೇಡಿ. ಹಾಗೇ ಇಟ್ಟು, ಈಗಿನ ಸಂಖ್ಯೆಯನ್ನು ನಿಮ್ಮ ಮಾತಿನಲ್ಲಿ ಪಕ್ಕಕ್ಕೆ ಸೇರಿಸಿ.