ಅನಾಮತ್ತಿನ್ಯಾಗ ಐತಿ, ಎಲ್ಲಿ ಹೋಗತೈತ್ರಿ?

ಬಾಗಲಕೋಟೆ ಜಿಲ್ಲೆಯ ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪರಿಶೋಧನೆಗೆಂದು ಹೋದಾಗ ನಾನು ಮೊದಲು ಕೇಳುವುದು ಅನಾಮತ್ತು ಖಾತೆಯನ್ನು. ಎಲ್ಲಿಗೆ ಸೇರಿಸಬೇಕೆಂದು ತಕ್ಷಣ ತಿಳಿಯದ ಮೊತ್ತವನ್ನು ತಾತ್ಪೂರ್ತಿಕವಾಗಿ ಬರೆದಿಡುವ ಖಾತೆ ಅದು. ಕೆಲವು ವರ್ಷಗಳ ಹಿಂದೆ ಒಂದು ಸಂಘದಲ್ಲಿ ಮಾರ್ಚ್ 31ಕ್ಕೆ ಅದರ ಬಾಕಿ ಸೊನ್ನೆ ಇತ್ತು. ದಿನದಿನದ ಲೆಕ್ಕ ಬರೆಯುವ ಕಿರ್ದಿಯನ್ನು ಒಂದು ವಾರ ಹಿಂದಕ್ಕೂ ಮುಂದಕ್ಕೂ ತಿರುವಿದಾಗ ಕಂಡದ್ದು ಬೇರೆ: ಮಾರ್ಚ್ 29ರಂದು ಆರು ಸದಸ್ಯರ ಹೆಸರಿನಲ್ಲಿ ಜಾಮೀನು ಸಾಲ ಖರ್ಚು ಬಿದ್ದು, ಅಷ್ಟೇ ಮೊತ್ತ ಅನಾಮತ್ತಿಗೆ ಜಮೆಯಾಗಿತ್ತು; ಏಪ್ರಿಲ್ 3ರಂದು ವ್ಯವಸ್ಥಾಪಕರ ಸಹಿಯ ಒಂದೇ ಚೀಟಿಯ ಮೇಲೆ ಆರೂ ಸಾಲಗಳು ತೀರಿ, ಬಾಕಿ ಮತ್ತೆ ಅನಾಮತ್ತಿಗೆ ಮರಳಿತ್ತು. ನಗದು ಶಿಲ್ಕಿನಲ್ಲಿ ಒಂದು ರೂಪಾಯಿಯೂ ಅಲುಗಿರಲಿಲ್ಲ. ಸಂಘಕ್ಕೆ ಬರಬೇಕಿದ್ದ ಮೊತ್ತ ವರ್ಷದ ಕೊನೆಯ ದಿನ ಅನಾಮತ್ತಿನಲ್ಲಿ ಕಾಣದಿರಲೆಂದು ಕಾಗದದ ಮೇಲಷ್ಟೇ ಅದನ್ನು ಸಾಲವಾಗಿ ತೋರಿಸಲಾಗಿತ್ತು. ಆರು ಜನರಲ್ಲಿ ಇಬ್ಬರು ನೇಕಾರರು; ತಮ್ಮ ಹೆಸರಿನಲ್ಲಿ ಐದು ದಿನ ಸಾಲವಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ.

ವ್ಯವಸ್ಥಾಪಕರು ಸಿಟ್ಟಾಗಲಿಲ್ಲ. "ಸಾಹೇಬ್ರ, ಇದು ಕಳವು ಅಲ್ರಿ. ಅನಾಮತ್ತಿನ್ಯಾಗ ಐತಿ, ಎಲ್ಲಿ ಹೋಗತೈತ್ರಿ?" ಎಂದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ. ತೊಡಕು ಇದ್ದದ್ದೇ ಅಲ್ಲಿ.

ಅಪರಾಧವೆಂದರೆ ಬಡತನದಿಂದಲೋ ಕೆಟ್ಟ ಮನೆತನದಿಂದಲೋ ಹುಟ್ಟುವಂಥದ್ದು ಎಂಬ ನಂಬಿಕೆಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ 1939ರಲ್ಲಿ ಅಲ್ಲಿನ ಸಮಾಜಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿಯೇ ಪ್ರಶ್ನಿಸಿದ್ದರು. ಗೌರವಸ್ಥರು ತಮ್ಮ ವೃತ್ತಿಯ ಒಳಗಿದ್ದುಕೊಂಡೇ ಮಾಡುವ ಅಪರಾಧಕ್ಕೆ ಅವರು ಕೊಟ್ಟ ಹೆಸರೇ ಇಂದಿನ 'ವೈಟ್ ಕಾಲರ್ ಅಪರಾಧ'. 1949ರಲ್ಲಿ 70 ದೊಡ್ಡ ಕಂಪನಿಗಳ ವಿರುದ್ಧದ ತೀರ್ಪುಗಳನ್ನು ಅವರು ಪುಸ್ತಕವಾಗಿ ತಂದಾಗ, ಮೊಕದ್ದಮೆಗೆ ಅಂಜಿದ ಪ್ರಕಾಶಕರು ಕಂಪನಿಗಳ ಹೆಸರುಗಳನ್ನು ತೆಗೆಸಿದರು. ಹೆಸರುಗಳಿರುವ ಆವೃತ್ತಿ ಹೊರಬರಲು 1983ರವರೆಗೆ ಕಾಯಬೇಕಾಯಿತು. ಅಪರಾಧದ ವಿಧಾನವನ್ನಷ್ಟೇ ಅಲ್ಲದೆ ಅದಕ್ಕೆ ಬೇಕಾದ ಸಮರ್ಥನೆಗಳನ್ನೂ ಮನುಷ್ಯ ತನ್ನ ಹತ್ತಿರದವರ ಒಡನಾಟದಲ್ಲಿ, ಬೇರೆ ಯಾವುದೇ ಕೆಲಸ ಕಲಿಯುವಂತೆಯೇ ಕಲಿಯುತ್ತಾನೆ ಎಂಬುದು ಅವರ ಸಿದ್ಧಾಂತದ ತಿರುಳು. ನಮ್ಮ ಸಂಘಗಳಲ್ಲಿ ಆ ಸಮರ್ಥನೆ ಬಹಳ ಸಲ 'ಅನಾಮತ್ತು' ಎಂಬ ಒಂದೇ ಶಬ್ದದಲ್ಲಿ ಅಡಗಿರುತ್ತದೆ.

ಆದರೆ ಒಂದೇ ಮೇಜಿನ ಇಬ್ಬರು ಗುಮಾಸ್ತರಲ್ಲಿ ಒಬ್ಬನೇ ಏಕೆ ಕೈ ಹಾಕುತ್ತಾನೆ ಎಂಬ ಪ್ರಶ್ನೆಗೆ ಸದರ್ಲ್ಯಾಂಡ್ ಅವರಲ್ಲಿ ತೃಪ್ತಿಕರ ಉತ್ತರವಿಲ್ಲ. ಅವರ ಶಿಷ್ಯ ಡೊನಾಲ್ಡ್ ಕ್ರೆಸ್ಸಿ ಹಣ ದುರುಪಯೋಗಕ್ಕಾಗಿ ಜೈಲು ಸೇರಿದವರನ್ನು ಮಾತನಾಡಿಸಿ, 1953ರಲ್ಲಿ ಮೂರು ಸಂಗತಿಗಳನ್ನು ಗುರುತಿಸಿದರು: ಯಾರ ಮುಂದೆಯೂ ಹೇಳಿಕೊಳ್ಳಲಾಗದ ಹಣದ ತೊಂದರೆ, ಅದನ್ನು ಗುಟ್ಟಾಗಿ ನೀಗಿಸಲು ಹುದ್ದೆ ಕೊಡುವ ಅವಕಾಶ, ತಾನು ಕಳ್ಳನಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವ ಮಾತು. ಪಿಗ್ಮಿ ವಸೂಲಿಯಲ್ಲಿ ನಿನ್ನೆ ಬಳಸಿಕೊಂಡದ್ದನ್ನು ಇಂದಿನ ಜಮೆಯಿಂದ ತುಂಬುತ್ತ, ಸಿಕ್ಕಿಬೀಳುವ ಅಂಜಿಕೆಯಿಂದ ಒಂದು ದಿನವೂ ರಜೆ ಹಾಕದ ಏಜೆಂಟನಿಗೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ತಮ್ಮ ಬೀಗರಿಗೂ ಅಳಿಯಂದಿರಿಗೂ ಆಧಾರವಿಲ್ಲದೆ ಸಾಲ ಮಂಜೂರು ಮಾಡುವ ಆಡಳಿತ ಮಂಡಳಿಗೆ ಒಪ್ಪುವುದಿಲ್ಲ. ಅವರಿಗೆ ಹೇಳಿಕೊಳ್ಳಲಾಗದ ತೊಂದರೆ ಏನೂ ಇಲ್ಲ, ಸಭೆಯ ನಡವಳಿ ಪುಸ್ತಕದಲ್ಲಿಯೇ ಎಲ್ಲವೂ ಠರಾವಾಗಿರುತ್ತದೆ. ಗುರಿ ದೊಡ್ಡದಾಗಿ ದಾರಿ ಮುಚ್ಚಿದಾಗ ಅಪರಾಧ ಹುಟ್ಟುತ್ತದೆಂಬ ರಾಬರ್ಟ್ ಮರ್ಟನ್ ಅವರ 1938ರ ವಾದವೂ ದಾರಿ ತೆರೆದೇ ಇರುವ ಇಂಥವರ ವಿಷಯದಲ್ಲಿ ಹೆಚ್ಚು ದೂರ ಹೋಗದು.

ಸದರ್ಲ್ಯಾಂಡ್ ಅವರಿಗೆ ಸಿಕ್ಕ ತೀರ್ಪುಗಳಲ್ಲಿ ಹೆಚ್ಚಿನವು ಕ್ರಿಮಿನಲ್ ನ್ಯಾಯಾಲಯಗಳವಲ್ಲ. ನಮ್ಮಲ್ಲಿಯೂ ಇಂಥ ಪ್ರಕರಣ ಮೊದಲು ಹಾಯುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ಸಹಕಾರ ಇಲಾಖೆ ನಡೆಸುವ ವಿಚಾರಣೆಯನ್ನು. ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ಇದ್ದರೂ, ಹಣ ಮರಳಿ ತುಂಬಿದವರ ಮೇಲೆ ಫಿರ್ಯಾದಿ ಕೊಡಲು ಸಂಘದವರು ಹಿಂಜರಿಯುತ್ತಾರೆ; ಊರಿನಲ್ಲಿ ಸುದ್ದಿಯಾದರೆ ಠೇವಣಿದಾರರು ಸಾಲುಗಟ್ಟಿ ಬರುತ್ತಾರೆಂಬ ಭಯ. ಭಯಕ್ಕೆ ಕಾರಣವೂ ಇದೆ: ಬ್ಯಾಂಕ್ ಠೇವಣಿಗಳಿಗಿರುವ 5 ಲಕ್ಷ ರೂಪಾಯಿಯ ವಿಮೆ ಪತ್ತಿನ ಸಂಘದ ಠೇವಣಿಗೆ ಅನ್ವಯಿಸುವುದಿಲ್ಲ.

ಆ ಸಂಘದ ವ್ಯವಸ್ಥಾಪಕರೂ ಹಣ ತುಂಬಿ ನಿವೃತ್ತರಾದರು. ಮುಂದಿನ ವರ್ಷ ಹೋದಾಗ ಅನಾಮತ್ತಿನಲ್ಲಿ ಸಣ್ಣದೊಂದು ಮೊತ್ತ ಏಳು ತಿಂಗಳಿಂದ ಹಾಗೆಯೇ ನಿಂತಿತ್ತು. ಹೊಸ ಗುಮಾಸ್ತನನ್ನು ಕೇಳಿದೆ. "ಹಿಂದಿನ ಸಾಹೇಬ್ರು ಹಿಂಗ ಬರೀಲಿಕ್ಕೆ ಕಲಿಸ್ಯಾರ್ರಿ," ಎಂದ.