ಪದ ಪರಿಚಯ: ಅಪೋಕ್ಯಾಲಿಪ್ಸ್

ಕಾಡ್ಗಿಚ್ಚು ಹತ್ತಿದರೆ ಅಪೋಕ್ಯಾಲಿಪ್ಸ್. ಪ್ರವಾಹ ಬಂದರೆ ಅಪೋಕ್ಯಾಲಿಪ್ಸ್. ಮೊಬೈಲ್ ಗೇಮಿನಲ್ಲಿ ಹೆಣಗಳು ಎದ್ದು ಓಡಾಡಿದರೂ ಅದೇ ಹೆಸರು. ಮೊನ್ನೆ ಒಂದು ವಿಡಿಯೊದ ತಲೆಬರಹ ‘ಬೈಬಲ್ ಹೇಳಿದ ಪ್ರಳಯ ಶುರು’ ಎಂದಿತ್ತು, ಅದರ ಕೆಳಗೂ ಈ ಪದ. ಆಡುಮಾತಿನಲ್ಲಿ ಪದದ ಅರ್ಥ ಜಾರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಬೈಬಲ್ಲಿನ ಹೆಸರು ಹೇಳಿಕೊಂಡು ಬೈಬಲ್ ಹೇಳದ ಅರ್ಥವನ್ನು ಅದರ ಬಾಯಿಗೆ ತುರುಕುವುದಕ್ಕೆ ತಕರಾರಿದೆ.

ಮೂಲ ಗ್ರೀಕ್ ಪದ ‘ಅಪೊಕಲುಪ್ಸಿಸ್’. ‘ಕಲುಪ್ತೊ’ ಎಂದರೆ ಮುಚ್ಚುವುದು, ಮರೆಮಾಡುವುದು. ಅದಕ್ಕೆ ‘ಅಪೊ’ ಸೇರಿದರೆ ಮುಚ್ಚಿದ್ದನ್ನು ತೆರೆಯುವುದು. ಇಷ್ಟೇ. ಇದರಲ್ಲಿ ಬೆಂಕಿ ಇಲ್ಲ, ನೀರಿಲ್ಲ, ನಾಶ ಇಲ್ಲ. ಇದೇ ಬೇರಿನ ಇನ್ನೊಂದು ಪದ ನಮ್ಮ ಕೋಲಾರದ ತೋಪುಗಳಲ್ಲೇ ನಿಂತಿದೆ. ನೀಲಗಿರಿ ಮರದ ಶಾಸ್ತ್ರೀಯ ಹೆಸರು ಯೂಕಲಿಪ್ಟಸ್. ‘ಯೂ’ ಎಂದರೆ ಚೆನ್ನಾಗಿ, ಹಾಗಾಗಿ ‘ಚೆನ್ನಾಗಿ ಮುಚ್ಚಿದ್ದು’. 1788ರಲ್ಲಿ ಲೆರಿಟಿಯೆ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಈ ಹೆಸರಿಟ್ಟರು. ಅದರ ಮೊಗ್ಗಿನ ಮೇಲೆ ಪುಟ್ಟ ಟೊಪ್ಪಿಯಂಥ ಮುಚ್ಚಳ ಇರುತ್ತದೆ. ಹೂ ಅರಳುವಾಗ ಅದು ಕಳಚಿ ಬೀಳುತ್ತದೆ, ಒಳಗಿನ ಕೇಸರಗಳು ಹೊರಗೆ ಬರುತ್ತವೆ. ಗ್ರೀಕ್ ಪುರಾಣದಲ್ಲಿ ಒಡಿಸ್ಯೂಸನನ್ನು ಏಳು ವರ್ಷ ದ್ವೀಪದಲ್ಲಿ ಇರಿಸಿಕೊಂಡ ಕಲಿಪ್ಸೊ ಕೂಡ ಇದೇ ಕುಟುಂಬದವಳು. ಅವಳ ಹೆಸರಿನಲ್ಲೇ ಮರೆಮಾಡುವ ಅರ್ಥ ಇದೆ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಪದ ಎಲ್ಲೆಲ್ಲಿ ಬರುತ್ತದೆ ನೋಡಿ. ದೇವಾಲಯದಲ್ಲಿ ಮುದುಕ ಸಿಮೆಯೋನ ಎಳೆಗೂಸು ಯೇಸುವನ್ನು ತೋಳಿನಲ್ಲಿ ಎತ್ತಿಕೊಂಡು, ಈ ಮಗು ಅನ್ಯಜನಗಳಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಮುಚ್ಚಿದ್ದನ್ನು ತೆರೆದು ತೋರುವ ಬೆಳಕು ಎನ್ನುತ್ತಾನೆ. ಲೂಕನ ಗ್ರೀಕಿನಲ್ಲಿ ಅಲ್ಲಿರುವುದು ‘ಅಪೊಕಲುಪ್ಸಿಸ್’. ತನ್ನ ಸುವಾರ್ತೆ ಮನುಷ್ಯರಿಂದ ಕಲಿತದ್ದಲ್ಲ, ತನಗೆ ತೆರೆದು ತೋರಿಸಿದ್ದು ಎಂದು ಗಲಾತ್ಯದವರಿಗೆ ಅಪೊಸ್ತಲ ಪೌಲ ಬರೆಯುವಾಗಲೂ ಅದೇ ಪದ. ಮಗುವನ್ನು ಎತ್ತಿಕೊಂಡ ಅಜ್ಜನ ಬಾಯಲ್ಲಿ ‘ಪ್ರಳಯ’ ಎಂದು ಹಾಕಿ ಓದಿದರೆ ಹೇಗಿರುತ್ತದೆ, ನೀವೇ ಹೇಳಿ.

ಹಾಗಾದರೆ ನಾಶದ ಅರ್ಥ ಎಲ್ಲಿಂದ ಅಂಟಿಕೊಂಡಿತು? ಬೈಬಲ್ಲಿನ ಕಟ್ಟಕಡೆಯ ಪುಸ್ತಕದ ಮೊಟ್ಟಮೊದಲ ಪದ ‘ಅಪೊಕಲುಪ್ಸಿಸ್’. ಅದೇ ಪುಸ್ತಕದ ಹೆಸರಾಯಿತು. ಒಳಗೆ ಏಳು ಮುದ್ರೆ, ಏಳು ತುತೂರಿ, ಮೃಗ, ಅದರ ಸಂಖ್ಯೆ 666. ಓದಿದವರಿಗೆ ನಡುವಿನ ಭಯಂಕರ ಚಿತ್ರಗಳೇ ನೆನಪಿನಲ್ಲಿ ಉಳಿದವು. ಚಿತ್ರಗಳ ಬಣ್ಣ ಹೆಸರಿಗೂ ಹತ್ತಿತು. ಕನ್ನಡ ಬೈಬಲ್ ಮಾತ್ರ ಈ ಗುಂಡಿಗೆ ಬೀಳಲಿಲ್ಲ. ಆ ಪುಸ್ತಕಕ್ಕೆ ‘ಪ್ರಕಟನೆ’ ಎಂದೇ ಹೆಸರಿಟ್ಟಿತು. ಇಷ್ಟು ಸರಿಯಾದ ಪದ ಮನೆಯಲ್ಲೇ ಇದೆ. ಆದರೂ ಹಾಲಿವುಡ್ಡಿನ ಅರ್ಥವನ್ನು ಸಾಲ ತಂದು ಅದಕ್ಕೆ ‘ಪ್ರಳಯ’ ಎಂದು ಅನುವಾದ ಬೇರೆ ಮಾಡುತ್ತೇವೆ.

ಪ್ರಳಯದ ಮಾತು ಬಂದದ್ದರಿಂದ ಅದಕ್ಕೂ ಆಗುತ್ತಿರುವ ಅನ್ಯಾಯ ಹೇಳಿಬಿಡುತ್ತೇನೆ. ಪ್ರಳಯ ಎಂದರೆ ಲಯವಾಗುವುದು, ಕರಗಿ ಮೂಲದಲ್ಲಿ ಸೇರುವುದು. ವಿಷ್ಣುಪುರಾಣ ನೈಮಿತ್ತಿಕ, ಪ್ರಾಕೃತಿಕ, ಆತ್ಯಂತಿಕ ಎಂದು ಅದರಲ್ಲಿ ಬಗೆಗಳನ್ನು ಹೇಳುತ್ತದೆ. ಕಲ್ಪ ಮುಗಿದಾಗ ಲಯ, ಆಮೇಲೆ ಮತ್ತೆ ಸೃಷ್ಟಿ. ಅದು ತನ್ನದೇ ತರ್ಕ ಇರುವ ದೊಡ್ಡ ವಿಚಾರ. ಕ್ರೈಸ್ತ ನಿರೀಕ್ಷೆಯ ಲೆಕ್ಕ ಬೇರೆ. ಅಲ್ಲಿ ಚಕ್ರ ಇಲ್ಲ. ಒಂದೇ ಸೃಷ್ಟಿ, ಅದು ಒಡೆದಿದೆ, ದೇವರು ಅದನ್ನೇ ಸರಿಮಾಡುತ್ತಾರೆ. ನೋಹನ ಕಾಲದ ನೆರೆಗೆ ಕನ್ನಡ ಕ್ರೈಸ್ತರು ‘ಜಲಪ್ರಳಯ’ ಎನ್ನುವುದರಿಂದ ಗೊಂದಲ ಇನ್ನೂ ಜಾಸ್ತಿಯಾಗಿದೆ. ಆ ಕಥೆಯಲ್ಲೂ ನೀರು ಇಳಿದ ಮೇಲೆ ನೋಹ ಕಾಲಿಟ್ಟದ್ದು ಅದೇ ಹಳೆಯ ನೆಲದ ಮೇಲೆ.

ಪ್ರಕಟನೆಯ ಪುಸ್ತಕದಲ್ಲಿ ತೆರೆದು ತೋರಿಸುವುದಾದರೂ ಏನನ್ನು? ಬರೆದ ಯೋಹಾನ ಪತ್ಮೋಸ್ ದ್ವೀಪದಲ್ಲಿದ್ದ, ಈಗಿನ ಗ್ರೀಸ್‌ಗೆ ಸೇರಿದ ಜಾಗ. ಓದಬೇಕಾದವರು ಈಗಿನ ಪಶ್ಚಿಮ ತುರ್ಕಿಯ ಎಫೆಸ, ಸ್ಮುರ್ನ ಮೊದಲಾದ ಏಳು ಊರುಗಳ ಕ್ರೈಸ್ತ ಸಭೆಗಳವರು. ಕಾಲ ಮೊದಲನೇ ಶತಮಾನದ ಕೊನೆ, ದೊಮಿಷಿಯನ್ ಚಕ್ರವರ್ತಿಯ ಆಳ್ವಿಕೆ ಎಂದು ಹೆಚ್ಚಿನ ವಿದ್ವಾಂಸರ ಮತ. ರೋಮ್ ಶಾಶ್ವತ, ಚಕ್ರವರ್ತಿ ದೇವರು ಎಂದು ಎಲ್ಲರೂ ಒಪ್ಪಬೇಕಾಗಿದ್ದ ದಿನಗಳವು. ಯೋಹಾನ ಆ ಹೊಳಪಿನ ಪರದೆ ಸರಿಸುತ್ತಾನೆ. 18ನೇ ಅಧ್ಯಾಯದಲ್ಲಿ ಆ ಮಹಾನಗರದ ವ್ಯಾಪಾರದ ಪಟ್ಟಿಯನ್ನೇ ಕೊಡುತ್ತಾನೆ. ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ದ್ರಾಕ್ಷಾರಸ, ಗೋದಿ, ದನ, ಕುರಿ, ಕುದುರೆ. ಪಟ್ಟಿಯ ತುದಿಯಲ್ಲಿ ಮನುಷ್ಯರ ದೇಹ, ಮನುಷ್ಯರ ಪ್ರಾಣ. ಗುಲಾಮರನ್ನು ಸರಕಿನ ಕೊನೆಗೆ ಬರೆದು ಆ ವೈಭವದ ತಳ ಏನೆಂದು ಬಯಲು ಮಾಡುತ್ತಾನೆ. ಅಪೋಕ್ಯಾಲಿಪ್ಸ್ ಎಂಬ ಹೆಸರಿಗೆ ತಕ್ಕ ಜಾಗ ಅದು.

ಆಮೇಲೆ 21, 22ನೇ ಅಧ್ಯಾಯಗಳು. ಸುದ್ದಿ ಮಾಡುವವರು ಇಲ್ಲಿಯವರೆಗೆ ಬರುವುದೇ ಇಲ್ಲ. ಜನ ಭೂಮಿ ಬಿಟ್ಟು ಮೇಲೆ ಹೋಗುವ ಚಿತ್ರ ಇಲ್ಲಿಲ್ಲ. ದೇವರ ನಗರವಾದ ಹೊಸ ಯೆರೂಸಲೇಮ್ ಮೇಲಿಂದ ಕೆಳಗೆ ಇಳಿಯುತ್ತದೆ. ದೇವರು ಮನುಷ್ಯರ ನಡುವೆ ಬಂದು ವಾಸಮಾಡುತ್ತಾರೆ, ಅವರ ಕಣ್ಣೀರು ಒರೆಸುತ್ತಾರೆ. ಸಾವು ಇರುವುದಿಲ್ಲ. ನಗರದ ಬಾಗಿಲು ಮುಚ್ಚುವುದಿಲ್ಲ. ಅಲ್ಲಿನ ಮರದ ಎಲೆಗಳು ಜನಾಂಗಗಳನ್ನು ವಾಸಿಮಾಡುತ್ತವೆ. ಸಿಂಹಾಸನದಿಂದ ಬರುವ ಮಾತು ‘ಎಲ್ಲವನ್ನೂ ಹೊಸದು ಮಾಡುತ್ತೇನೆ’ ಎಂದು. ‘ಎಲ್ಲ ಹೊಸದನ್ನು ಮಾಡುತ್ತೇನೆ’ ಎಂದು ಅಲ್ಲ. ಎರಡು ಮಾತಿಗೂ ಇರುವ ದೂರ ಗಮನಿಸಿ. ಈಗ ಇರುವ ಎಲ್ಲವೂ ಹೊಸದಾಗುತ್ತದೆ.

ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಯೇಸುವಿನ ಶಿಷ್ಯ ಪೇತ್ರ, ದೇವರು ಎಲ್ಲವನ್ನೂ ಸರಿಪಡಿಸುವ ಕಾಲದ ಬಗ್ಗೆ ಮಾತಾಡುತ್ತಾನೆ. ಅಲ್ಲಿನ ಗ್ರೀಕ್ ಪದ ‘ಅಪೊಕಟಾಸ್ಟಾಸಿಸ್’. ಇದರ ಕ್ರಿಯಾಪದವನ್ನೇ ಮಾರ್ಕ ಒಂದು ಸಣ್ಣ ಘಟನೆಯಲ್ಲಿ ಬಳಸುತ್ತಾನೆ. ಸಭಾಮಂದಿರದಲ್ಲಿ ಕೈ ಬತ್ತಿಹೋದ ಒಬ್ಬ ಮನುಷ್ಯ. ಯೇಸು ಅವನಿಗೆ ಕೈ ಚಾಚು ಎಂದರು, ಚಾಚಿದ, ಕೈ ವಾಸಿಯಾಯಿತು. ಅದೇ ತೋಳು, ಅದೇ ಬೆರಳು, ಈಗ ಕೆಲಸ ಮಾಡುತ್ತಿದೆ. ಲೋಕಕ್ಕೂ ಹೀಗೇ ಆಗುತ್ತದೆ ಎಂಬುದು ಕ್ರೈಸ್ತ ನಿರೀಕ್ಷೆಯ ತಿರುಳು. ಯೇಸುವಿನ ಪುನರುತ್ಥಾನವನ್ನು ಅದರ ಮೊದಲ ಫಲ ಎನ್ನುತ್ತಾನೆ ಪೌಲ. ಸಮಾಧಿ ಖಾಲಿಯಾಗಿತ್ತು, ಎದ್ದ ದೇಹದಲ್ಲಿ ಮೊಳೆಯ ಗಾಯ ಉಳಿದಿತ್ತು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನು ಸೃಷ್ಟಿಯ ನರಳಾಟವನ್ನು ಹೆರಿಗೆ ನೋವು ಎನ್ನುತ್ತಾನೆ, ಸಾವಿನ ಸಂಕಟ ಎನ್ನುವುದಿಲ್ಲ. ಸೃಷ್ಟಿ ಕತ್ತು ಚಾಚಿ ಕಾಯುತ್ತಿರುವುದು ದೇವರ ಮಕ್ಕಳ ‘ಅಪೊಕಲುಪ್ಸಿಸ್’ಗಾಗಿ. ಅಲ್ಲೂ ಅದೇ ಪದ.

‘ಪೇತ್ರನ ಎರಡನೇ ಪತ್ರದಲ್ಲಿ ಭೂಮಿ ಸುಟ್ಟುಹೋಗುತ್ತದೆ ಎಂದಿದೆಯಲ್ಲ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1611ರ ಇಂಗ್ಲಿಷ್ ಅನುವಾದದಲ್ಲಿ ಹಾಗೇ ಇದೆ. ಆದರೆ ನಾಲ್ಕನೇ ಶತಮಾನದ ಸೈನಾಯ್ಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಅಲ್ಲಿ ಇರುವುದು ‘ಕಂಡುಬರುವುದು’ ಎಂಬ ಕ್ರಿಯಾಪದ. ಭೂಮಿಯೂ ಅದರ ಮೇಲೆ ಮಾಡಿದ ಕೆಲಸಗಳೂ ಬಯಲಿಗೆ ಬರುತ್ತವೆ. ಬೆಂಕಿಯ ಮಾತು ಅಲ್ಲಿದೆ, ನಿಜ. ನೀತಿ ನೆಲೆಸುವ ಹೊಸ ಭೂಮಿಯ ಮಾತೂ ಮೂರೇ ವಚನ ಮುಂದೆ ಇದೆ.

ಇನ್ನು ‘ರ‍್ಯಾಪ್ಚರ್’. ವಿಶ್ವಾಸಿಗಳು ಮೋಡದೊಳಗೆ ಮಾಯವಾಗುತ್ತಾರೆ, ಉಳಿದವರಿಗೆ ಇಲ್ಲಿ ಗ್ರಹಚಾರ ಎಂಬ ಕಥೆ. ಈ ರೂಪದಲ್ಲಿ ಇದನ್ನು ಹರಡಿದ್ದು 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಆಧಾರ ಥೆಸಲೊನೀಕದವರಿಗೆ ಪೌಲ ಬರೆದ ಮೊದಲ ಪತ್ರದ 4ನೇ ಅಧ್ಯಾಯ. ಅಲ್ಲಿನ ಮುಖ್ಯ ಪದವನ್ನು ಕನ್ನಡ ಬೈಬಲ್ ಬಹಳ ಚೆನ್ನಾಗಿ ಹಿಡಿದಿದೆ, ಕರ್ತನನ್ನು ‘ಎದುರುಗೊಳ್ಳುವುದು’ ಎಂದು. ದಿಬ್ಬಣ ಬಂದಾಗ ಹೆಣ್ಣಿನ ಕಡೆಯವರು ಎದುರುಗೊಳ್ಳಲು ಹೋಗುತ್ತಾರಲ್ವಾ? ಹೋದವರು ದಿಬ್ಬಣದ ಜೊತೆ ವಾಪಸ್ ಮನೆಗೇ ಬರುತ್ತಾರೆ. ಪೌಲ ಸೆರೆಯಾಳಾಗಿ ಇಟಲಿಗೆ ಬಂದಾಗ ರೋಮಿನ ಸಹೋದರರು ದಾರಿಯವರೆಗೆ ಬಂದು ಎದುರುಗೊಂಡರು ಎನ್ನುವಲ್ಲೂ ಅದೇ ಗ್ರೀಕ್ ಪದವಿದೆ. ಅವರು ಪೌಲನನ್ನು ಕರೆದುಕೊಂಡು ಎಲ್ಲಿಗೂ ಹಾರಿಹೋಗಲಿಲ್ಲ. ರೋಮಿಗೇ ಬಂದರು.

ಈ ಗೊಂದಲದಿಂದ ಬರೀ ಪದಕೋಶಕ್ಕಲ್ಲ, ಜನರಿಗೂ ಪೆಟ್ಟು ಬೀಳುತ್ತದೆ. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ಕ್ಕೆ ತೀರ್ಪಿನ ದಿನ ಎಂದು ಸಾರಿದಾಗ ಅವರನ್ನು ನಂಬಿ ಕೂಡಿಟ್ಟ ಹಣ ಖರ್ಚು ಮಾಡಿದವರಿದ್ದರು. ಹೇಗೂ ಸುಟ್ಟುಹೋಗುವ ಭೂಮಿ, ಕೆರೆ ಹೂಳೆತ್ತಿ ಏನಾಗಬೇಕು ಎಂಬ ಮಾತೂ ಇದೇ ತಪ್ಪಿನಿಂದ ಹುಟ್ಟುತ್ತದೆ. ಪ್ರಕಟನೆಯ 11ನೇ ಅಧ್ಯಾಯದಲ್ಲಿ ನಾಶವಾಗುವವರು ಯಾರು ಗೊತ್ತೇ? ಭೂಮಿಯನ್ನು ನಾಶಮಾಡುವವರು. ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನ ಹೊಸ ಭೂಮಿಯಲ್ಲಂತೂ ಜನ ಮನೆ ಕಟ್ಟಿ ತಾವೇ ವಾಸಮಾಡುತ್ತಾರೆ, ತೋಟ ಹಾಕಿ ಫಲವನ್ನು ತಾವೇ ತಿನ್ನುತ್ತಾರೆ. ಒಬ್ಬ ಕಟ್ಟಿದ್ದರಲ್ಲಿ ಇನ್ನೊಬ್ಬ ಬಂದು ಕೂರುವುದಿಲ್ಲ. ನೆಲ ಕಳೆದುಕೊಂಡವರಿಗೆ ಈ ಸಾಲಿನ ತೂಕ ಗೊತ್ತು.

ಸರಿಪಡಿಸುವ ಆ ಕಾಲದಲ್ಲಿ ಯಾರೆಲ್ಲ ಸೇರುತ್ತಾರೆ ಎಂಬುದರ ಬಗ್ಗೆ ಮೂರನೇ ಶತಮಾನದ ಕ್ರೈಸ್ತ ಚಿಂತಕ ಒರಿಜನ್‌ನಿಂದ ಇಂದಿನವರೆಗೆ ವಾದ ನಡೆದಿದೆ. ಅದು ಬೇರೆಯೇ ಲೇಖನ.

ಬರೆಯುವವರಿಗೆ ಇಷ್ಟು ಸಾಕು. ನೆರೆಗೆ ನೆರೆ ಎನ್ನಿ, ಅನಾಹುತಕ್ಕೆ ಅನಾಹುತ ಎನ್ನಿ, ಸರ್ವನಾಶ ಆಗಿದ್ದರೆ ಸರ್ವನಾಶ ಎನ್ನಿ. ಬೈಬಲ್ಲಿನ ಪುಸ್ತಕದ ಬಗ್ಗೆ ಬರೆಯುವಾಗ ‘ಪ್ರಕಟನೆ’ ಬಳಸಿ. ‘ಪ್ರಕಟನೆಗಳು’ ಎಂದು ಬಹುವಚನ ಹಾಕಬೇಡಿ. ಯೋಹಾನ ಬರೆದದ್ದು ಏಕವಚನದಲ್ಲಿ.