ಕ್ಲೈಮ್ಯಾಕ್ಸ್ ಅಂದ್ರೆ ಏಣಿ

ಮೊನ್ನೆ ಫೋನಿಗೆ ಒಂದು ವಿಡಿಯೊ ತುಣುಕು ಬಂತು. ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಅಪುರ್ ಸಂಸಾರ್’ನ ಕೊನೆಯ ಎರಡು ನಿಮಿಷ. ಮೇಲೊಂದು ಸಾಲು: ‘ಈ ಕ್ಲೈಮ್ಯಾಕ್ಸ್ ನೋಡಿ ಕಣ್ಣೀರು ಬರದಿದ್ದರೆ ಕೇಳಿ!’ ಆ ಚಿತ್ರ ನೋಡಿದಾಗಲೆಲ್ಲ ಅತ್ತವನು ನಾನು. ತುಣುಕು ನೋಡಿದಾಗ ಮಾತ್ರ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು.

ಸಿನಿಮಾದ ಕೊನೆಯಲ್ಲಿ ಬಂದದ್ದೆಲ್ಲ ಕ್ಲೈಮ್ಯಾಕ್ಸ್ ಎಂದು ನಾವು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೇವೆ. ಗೋಡೌನಿನಲ್ಲಿ ಹೊಡೆದಾಟ, ಎಲ್ಲ ಮುಗಿದ ಮೇಲೆ ಪೊಲೀಸ್ ಜೀಪು. ಅಂಥ ಚಿತ್ರಗಳಿಗೆ ಆ ಅರ್ಥ ಸಾಕು, ತಕರಾರಿಲ್ಲ. ಆದರೆ ಆ ತುಣುಕಿನಲ್ಲಿ ಒಂದು ಹುಡುಗ ಒಬ್ಬ ಗಡ್ಡಧಾರಿಯ ಹೆಗಲೇರುವುದನ್ನೂ ಅದೇ ಹೆಸರಿನಿಂದ ಕರೆದರೆ ಹೇಗೆ?

ಪದ ಗ್ರೀಕ್ ಭಾಷೆಯದು. ಅಲ್ಲಿ ‘ಕ್ಲೀಮಾಕ್ಸ್’ ಅಂದರೆ ಏಣಿ. ಗೋಡೆಗೆ ಒರಗಿಸಿಡುವ ಮಾಮೂಲಿ ಏಣಿ. ‘ಒರಗು, ವಾಲು’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅದನ್ನು ಮೊದಲು ಎರವಲು ಪಡೆದವರು ನಾಟಕದವರಲ್ಲ, ಭಾಷಣ ಕಲಿಸುವವರು. ಒಂದು ಮಾತಿನ ಕೊನೆಯ ಪದವನ್ನು ಹಿಡಿದು ಮುಂದಿನ ಮಾತಿಗೆ ಹತ್ತುವ ಕ್ರಮಕ್ಕೆ ಆ ಹೆಸರಿಟ್ಟರು. ‘ಹಸಿವು ದುಡಿಮೆ ಕಲಿಸಿತು, ದುಡಿಮೆ ಊರು ಬಿಡಿಸಿತು, ಊರು ಬಿಟ್ಟದ್ದು ಅಮ್ಮನನ್ನು ಮರೆಸಿತು’ ಅಂದ ಹಾಗೆ. ನಮ್ಮ ಅಲಂಕಾರಶಾಸ್ತ್ರದ ಕಾರಣಮಾಲೆಗೆ ಇದು ಹತ್ತಿರದ ನೆಂಟ. ಅಂದರೆ ಕ್ಲೈಮ್ಯಾಕ್ಸ್ ಎನ್ನುವುದು ಹತ್ತುವ ಕ್ರಮದ ಹೆಸರು. ಇಂಗ್ಲಿಷಿನಲ್ಲಿ ಅದು ನಿಧಾನಕ್ಕೆ ತುದಿ ಮೆಟ್ಟಿಲಿನ ಹೆಸರಾಯಿತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಕೊನೆಯ ರೀಲಿನ ಹೆಸರಾಯಿತು. ಏಣಿ ಹೋಯಿತು, ತುದಿ ಉಳಿಯಿತು.

ಕನ್ನಡದಲ್ಲೇ ಹೇಳಬೇಕು ಎನ್ನುವವರು ‘ಪರಾಕಾಷ್ಠೆ’ ಬಳಸುತ್ತಾರೆ. ಇದರಲ್ಲಿರುವುದು ಕಟ್ಟಿಗೆಯ ‘ಕಾಷ್ಠ’ ಅಲ್ಲ, ದಯವಿಟ್ಟು. ‘ಕಾಷ್ಠಾ’ ಎಂಬ ಬೇರೆ ಪದ. ವೇದಕಾಲದ ಓಟದ ಪಂದ್ಯದಲ್ಲಿ ಮುಟ್ಟಬೇಕಾದ ಗುರಿ, ಎಲ್ಲೆ. ಚೆಂದದ ಪದವೇ. ಆದರೆ ಇಲ್ಲೂ ಗುರಿ ಕಾಣುತ್ತದೆ, ಓಟ ಕಾಣುವುದಿಲ್ಲ.

ಈಗ ಅಪುವಿನ ಏಣಿ ನೋಡಿ. ಅಪು ಎಂಬ ಹುಡುಗನ ಬದುಕನ್ನು ರಾಯ್ ಮೂರು ಚಿತ್ರಗಳಲ್ಲಿ ಹೇಳಿದರು, ‘ಅಪುರ್ ಸಂಸಾರ್’ ಅದರಲ್ಲಿ ಕೊನೆಯದು. 1955ರ ‘ಪಥೇರ್ ಪಾಂಚಾಲಿ’ ಮುಗಿಯುವುದು ಎತ್ತಿನ ಗಾಡಿಯಲ್ಲಿ. ಮಗಳು ದುರ್ಗಾಳನ್ನು ಕಳೆದುಕೊಂಡ ಮನೆಯವರು ಊರು ಬಿಡುತ್ತಾರೆ. 1956ರ ‘ಅಪರಾಜಿತೋ’ ಮುಗಿಯುವಾಗ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಪು ಒಬ್ಬನೇ ನಡೆದು ಹೊರಡುತ್ತಾನೆ. 1959ರ ‘ಅಪುರ್ ಸಂಸಾರ್’ ಮುಗಿಯುವುದೂ ದಾರಿಯಲ್ಲೇ, ಈ ಸಲ ಹೆಗಲ ಮೇಲೆ ಮಗ. ಒಂದರ ಕೊನೆಯನ್ನು ಇನ್ನೊಂದು ಹಿಡಿದು ಹತ್ತುವುದು ಅಂದರೆ ಇದೇ ಅಲ್ವಾ?

ರೈಲನ್ನೇ ತೆಗೆದುಕೊಳ್ಳಿ. ಮೊದಲ ಚಿತ್ರದಲ್ಲಿ ಅಕ್ಕ ತಮ್ಮ ಬಿಳಿ ಹೂವಿನ ಹುಲ್ಲುಗಾವಲು ದಾಟಿ ಓಡುವುದು ರೈಲು ನೋಡಲು. ಮೂರನೆಯದರಲ್ಲಿ ಅಪುವಿನ ಬಾಡಿಗೆ ಮನೆ ಹಳಿಯ ಪಕ್ಕದಲ್ಲೇ ಇದೆ. ಹೊಸ ಹೆಂಡತಿ ಅಪರ್ಣಾ ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಹೆರಿಗೆಯಲ್ಲಿ ಅವಳು ಸತ್ತ ಮೇಲೆ ಅಪು ಸಾಯಲು ಹೋಗಿ ನಿಲ್ಲುವುದೂ ಹಳಿಯ ಹತ್ತಿರವೇ. ಅವಳ ಸಾವಿಗೆ ಕಾರಣನಾದ ಎಂದು ಮಗನ ಮುಖವನ್ನೇ ನೋಡದೆ ಐದು ವರ್ಷ ತಿರುಗುತ್ತಾನೆ. ಕೊನೆಗೆ ಬಂದಾಗ ಕೈಯಲ್ಲೊಂದು ಆಟಿಕೆ ರೈಲು. ಹುಡುಗ ಕಾಜಲ್‌ಗೆ ಅದು ಬೇಡ. ಆ ಪುಟ್ಟ ರೈಲಿಗೆ ಅಷ್ಟು ಭಾರ ಎಲ್ಲಿಂದ ಬಂತು ಎಂಬುದು ಎರಡು ನಿಮಿಷದ ತುಣುಕಿನಲ್ಲಿ ಗೊತ್ತಾಗುವುದು ಸಾಧ್ಯವೇ ಇಲ್ಲ.

ಹಾಗಾದರೆ ಆ ಕೊನೆಯ ದೃಶ್ಯಕ್ಕೆ ಏನನ್ನಬೇಕು? ಪದ ನಮ್ಮಲ್ಲೇ ಇತ್ತು. ಭರತನ ನಾಟ್ಯಶಾಸ್ತ್ರ ನಾಟಕದ ಐದು ಸಂಧಿಗಳನ್ನು, ಅಂದರೆ ಕಥೆ ಸಾಗುವ ಘಟ್ಟಗಳನ್ನು, ಹೇಳುತ್ತದೆ. ಕೊನೆಯದು ನಿರ್ವಹಣ. ಹಿಂದೆ ಅಲ್ಲಲ್ಲಿ ಚೆಲ್ಲಿದ ಎಳೆಗಳನ್ನೆಲ್ಲ ಒಂದೆಡೆ ತಂದು ಮುಟ್ಟಿಸುವ ಭಾಗ. ಈಗ ‘ನಿರ್ವಹಣೆ’ ಎಂದರೆ ಕೆರೆ ನಿರ್ವಹಣೆ, ರಸ್ತೆ ನಿರ್ವಹಣೆ. ಸಿನಿಮಾದಲ್ಲೂ ಆ ಪದ ಕಾಣುತ್ತದೆ, ಟೈಟಲ್ ಕಾರ್ಡಿನ ‘ನಿರ್ಮಾಣ ನಿರ್ವಹಣೆ’ಯಲ್ಲಿ! ಊಟ, ಬಾಡಿಗೆ, ವ್ಯಾನು ನೋಡಿಕೊಳ್ಳುವವರ ಪಾಲಿಗೆ ಹೋಗಿದೆ.

ಇನ್ನೊಂದು ಮಾತನ್ನೂ ಭರತ ಹೇಳುತ್ತಾನೆ. ನಾಟಕದಲ್ಲಿ ಯಾವ ರಸವೇ ಇರಲಿ, ನಿರ್ವಹಣದಲ್ಲಿ ಅದ್ಭುತ ಇರಬೇಕು. ಕರುಣ ಅಲ್ಲ, ಅದ್ಭುತ. ‘ಇದು ಹೀಗೂ ಆಯಿತಲ್ಲ’ ಎಂಬ ಬೆರಗು. ಅಪುವಿನ ಕೊನೆಯ ದೃಶ್ಯದಲ್ಲಿ ನಮ್ಮ ಕಣ್ಣು ಒದ್ದೆಯಾಗುವುದು ಈ ಬೆರಗಿಗೇ. ದುಃಖದ ದೃಶ್ಯಗಳೆಲ್ಲ ಆಗಲೇ ಮುಗಿದಿವೆ. ‘ಎಮೋಷನಲ್ ಕ್ಲೈಮ್ಯಾಕ್ಸ್’ ಅಂದಕೂಡಲೇ ಸಾವು, ಪಿಟೀಲು ಎಂದುಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ.

ಕಲ್ಲು ಎಸೆದಿದ್ದ ಕಾಜಲ್, ಅಪು ಸೋತು ಹೊರಟಾಗ ದೂರದಿಂದ ಹಿಂಬಾಲಿಸುತ್ತಾನೆ. ಅಪ್ಪನ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳುತ್ತಾನೆ. ಅಪು ಹೂಂ ಅನ್ನುತ್ತಾನೆ. ನೀನು ಯಾರು ಎಂದು ಹುಡುಗ ಕೇಳಿದಾಗ ಅಪು ‘ನಾನೇ ನಿನ್ನಪ್ಪ’ ಅನ್ನುವುದಿಲ್ಲ. ‘ಬಂಧು’ ಅನ್ನುತ್ತಾನೆ. ಬಂಗಾಳಿಯಲ್ಲಿ ಬಂಧು ಅಂದರೆ ಗೆಳೆಯ. ತುಣುಕಿನ ಕೆಳಗೂ ‘ಗೆಳೆಯ’ ಎಂದೇ ಬರೆದಿದ್ದರು, ತಪ್ಪೇನಿಲ್ಲ. ಆದರೆ ಕನ್ನಡದ ಕಿವಿಗೆ ಬಂಧು ಅಂದರೆ ರಕ್ತಸಂಬಂಧಿ. ಅಪು ಅಲ್ಲಿ ಮುಚ್ಚಿಟ್ಟ ನಿಜ ನಮಗೆ ಮಾತ್ರ ಸುಮ್ನೆ ಕೇಳಿಸಿಬಿಡುತ್ತದೆ.